ಬಸ್ ಡ್ರೈವರ್ ಮಿಂಚೋನ ಮಾತು

ನಮ್ಮ ಬೀದಿಯಲ್ಲಿ ಮಿಂಚೋ ಬಾಯಿ ಮುಚ್ಚಿದ್ದನ್ನು ಕಂಡವರೇ ಇರಲಿಲ್ಲ. ಸೆವ್ಲಿಯೆವೊದಿಂದ ಗಾಬ್ರೊವೊಗೆ ಬಸ್ಸು ಓಡಿಸುತ್ತಿದ್ದಷ್ಟು ಕಾಲವೂ, ‘ಚಾಲಕರೊಡನೆ ಮಾತನಾಡಬೇಡಿ’ ಎಂಬ ಫಲಕದ ಕೆಳಗೇ ಕೂತು, ಕೊನೆಯ ಸೀಟಿನವರಿಗೂ ಕೇಳುವ ಹಾಗೆ ಕಥೆ ಹೇಳುತ್ತಿದ್ದ. ನಿವೃತ್ತನಾದ ಮೇಲೆ ಆ ಕಥೆಗಳೆಲ್ಲ ಅವನ ಮನೆಯಂಗಳದ ದ್ರಾಕ್ಷಿ ಚಪ್ಪರದ ಕೆಳಗೆ ಬಂದು ನೆಲೆಸಿದವು. ಮೇಯರು ಕುಡಿದಾಗ ಹೇಗೆ ನಡೆಯುತ್ತಾನೆ, ಪಾದ್ರಿ ಮಂತ್ರ ಮರೆತಾಗ ಹೇಗೆ ಕೆಮ್ಮುತ್ತಾನೆ ಎಂದೆಲ್ಲ ಅಭಿನಯಿಸಿ ತೋರಿಸುತ್ತಿದ್ದ. ಒಂದು ಸಲ ಗೆಳೆಯ ತೋತ್ಯುವನ್ನು ಹೆದರಿಸಲು ಎದೆಯ ಮೇಲೆ ಮೇಣದ ಬತ್ತಿ ಇಟ್ಟುಕೊಂಡು ಸತ್ತವನಂತೆ ಮಲಗಿದ್ದ. ತೋತ್ಯು ಅಳುತ್ತಾ ಮೊಣಕಾಲೂರಿದ ಮೇಲೆ ಎದ್ದು ಕೂತು, “ಸಾಲದು, ಇನ್ನೂ ಸ್ವಲ್ಪ ಜೋರಾಗಿ ಅಳು” ಎಂದಿದ್ದ.

ಅವನ ಹೆಂಡತಿ ರಾಯ್ನಾ ನನ್ನ ಗೆಳತಿ. ನಮ್ಮಿಬ್ಬರ ಅಂಗಳಕ್ಕೂ ಒಂದೇ ಗೋಡೆ. ಹೊಲಿಗೆ ಕಾರ್ಖಾನೆಯಲ್ಲಿ ಜೀವಮಾನವೆಲ್ಲ ದುಡಿದವಳು, ಮಾತು ಕಡಿಮೆ. ಕಡಿಮೆ ಎನ್ನುವುದಕ್ಕಿಂತ ಅವಳಿಗೆ ಸರದಿಯೇ ಸಿಗುತ್ತಿರಲಿಲ್ಲ ಎನ್ನಬೇಕು. ಅವಳು ವಾಕ್ಯ ಶುರುಮಾಡಿದರೆ ಮಿಂಚೋ ಮುಗಿಸುತ್ತಿದ್ದ, ಅದೂ ಅವಳು ಅಂದುಕೊಂಡಿದ್ದಕ್ಕಿಂತ ಬೇರೆ ರೀತಿಯಲ್ಲಿ. ಅವಳು ಸುಮ್ಮನೆ ನಕ್ಕು ಒಳಗೆ ಹೋಗುತ್ತಿದ್ದಳು.

ಅದು ಸೆಪ್ಟೆಂಬರ್, ಕೆಂಪು ಮೆಣಸಿನಕಾಯಿ ಸುಡುವ ಕಾಲ. ಊರಿನ ಪ್ರತಿ ಅಂಗಳದಿಂದಲೂ ಹೊಗೆ ಏಳುತ್ತಿತ್ತು. ನಾನೂ ರಾಯ್ನಾಳೂ ಚಳಿಗಾಲದ ಚಟ್ನಿಗೆಂದು ಮೂಟೆಗಟ್ಟಲೆ ಕಾಯಿ ಸುಟ್ಟು, ಬಿಸಿಬಿಸಿಯಾಗಿದ್ದಾಗಲೇ ಸಿಪ್ಪೆ ಸುಲಿಯುತ್ತಾ ಕೂತಿದ್ದೆವು. ಚಪ್ಪರದ ಕೆಳಗೆ ಮಿಂಚೋ ಮತ್ತು ತೋತ್ಯು ದಾಳ ಹಾಕಿ ಕಾಯಿ ನಡೆಸುವ ತಾಬ್ಲಾ ಆಟ ಆಡುತ್ತಿದ್ದರು. ಆ ಮರದ ಹಲಗೆಯ ಮೇಲೆ ಕಾಯಿ ಬಡಿಯುವ ಸದ್ದು, ದಾಳ ಬಿದ್ದಾಗಲೆಲ್ಲ ಇಬ್ಬರೂ ಕೂಗುವ ಹಳೇ ತುರ್ಕಿ ಲೆಕ್ಕ, “ಶೇಷ್ ಬೇಶ್!” “ದೋರ್ತ್ ಜಿಹಾರ್!”, ಇವು ನಮ್ಮ ಬೀದಿಗೆ ಗಡಿಯಾರವಿದ್ದ ಹಾಗೆ.

“ಹಾಕೋ ಮಾರಾಯ, ದಾಳ ಏನು ಕೈಯಲ್ಲಿ ಮರಿ ಹಾಕುತ್ತಾ?” ಎಂದು ತೋತ್ಯು ಅಂದದ್ದು ಕೇಳಿಸಿತು.

ದಾಳ ಹಲಗೆಯ ಮೇಲೆ ಬೀಳದೆ ಕಲ್ಲುಹಾಸಿನ ಮೇಲೆ ಬಿದ್ದು ಉರುಳಿತು. ಮಿಂಚೋ ಏನೋ ಹೇಳಿದ. ಮಾತಿನ ಏರಿಳಿತವೆಲ್ಲ ಇತ್ತು, ಆದರೆ ಅದರಲ್ಲಿ ಒಂದು ಪದವೂ ಪದದಂತಿರಲಿಲ್ಲ.

ತೋತ್ಯು ತೊಡೆ ತಟ್ಟಿ ನಕ್ಕ. “ಶುರುವಾಯ್ತು ನೋಡಿ ನಾಟಕ! ಇದ್ಯಾರೋ ಇದು? ಮೇಯರ್ ಭಾಷಣಾನಾ? ಕುಡಿದ ಮೇಲಿಂದೋ ಮುಂಚಿಂದೋ?”

ಮಿಂಚೋ ಮತ್ತೆ ಏನೋ ಅಂದ. ತೋತ್ಯು ಇನ್ನಷ್ಟು ನಗುತ್ತಾ, ಅವನ ಕಣ್ಣೆದುರೇ ಅವನ ಎರಡು ಕಾಯಿಗಳನ್ನು ಹಿಂದಕ್ಕೆ ಸರಿಸಿದ. “ನಿನಗೆ ನಾಟಕ ಬೇಕು ಅಂದ್ರೆ ನನಗೆ ಆಟ ಬೇಕು, ತಗೋ!”

ಮಿಂಚೋ ಹಲಗೆಯನ್ನು ಸುಮ್ಮನೆ ನೋಡುತ್ತಿದ್ದ.

ರಾಯ್ನಾ ಕೈಯಲ್ಲಿದ್ದ ಚಾಕು ಬಿಟ್ಟು ಎದ್ದಳು. “ತೋತ್ಯು ಮೋಸ ಮಾಡ್ತಿದಾನೆ, ಇವನು ಬೈತಿಲ್ಲ” ಎಂದು ನನಗೆ ಮಾತ್ರ ಕೇಳುವಂತೆ ಹೇಳಿ, ಗಂಡನ ಮುಂದೆ ಹೋಗಿ ಕುಕ್ಕರಿಸಿದಳು.

“ಮಿಂಚೋ, ನನ್ನ ನೋಡು. ನಗು.”

ಅವನು ನಕ್ಕ. ಬಾಯಿಯ ಎಡ ತುದಿ ಮಾತ್ರ ಮೇಲೆ ಹೋಯಿತು, ಬಲಗಡೆ ಜೋತು ಬಿದ್ದೇ ಇತ್ತು.

“ಎರಡೂ ಕೈ ಮೇಲೆತ್ತು.”

ಎಡಗೈ ಎದ್ದಿತು. ಬಲಗೈ ಅರ್ಧಕ್ಕೆ ಎದ್ದು, ಒದ್ದೆ ಬಟ್ಟೆಯಂತೆ ಮೆಲ್ಲಗೆ ಕೆಳಗಿಳಿಯಿತು.

ತೋತ್ಯುವಿನ ನಗು ನಿಂತಿತು. “ಬಿಸಿಲು ತಲೆಗೇರಿರಬೇಕು ಕಣೇ. ಒಳಗೆ ಮಲಗಿಸೋಣ. ಒಂದು ಗುಟುಕು ರಾಕಿಯಾ ಸಾರಾಯಿ ಕುಡಿಸಿದ್ರೆ...”

“ಅವನ ಬಾಯಿಗೆ ನೀರೂ ಹಾಕ್ಬೇಡ” ಎಂದಳು ರಾಯ್ನಾ. ಆ ಧ್ವನಿ ಅವಳದೇ ಎಂದು ನಂಬುವುದು ಕಷ್ಟವಾಯಿತು. ನನ್ನ ಕಡೆ ತಿರುಗಿದಳು. “ಜಿವ್ಕಾ, ಆಂಬುಲೆನ್ಸಿಗೆ ಫೋನ್ ಮಾಡು. ಹುಷಾರಿಲ್ಲ ಅನ್ಬೇಡ. ಲಕ್ವ ಹೊಡೆದಿದೆ ಅನ್ನು. ಹಾಗಂತಲೇ ಹೇಳು.”

ಅವಳ ತಾಯಿಗೂ ಹೀಗೇ ಆಗಿತ್ತಂತೆ. ನಿದ್ದೆ ಮಾಡಿದರೆ ಸರಿಹೋಗುತ್ತದೆ ಎಂದು ಮನೆಯವರು ಮಲಗಿಸಿದ್ದರು. ಆಕೆ ಮತ್ತೆ ಏಳಲೇ ಇಲ್ಲ. ಇದನ್ನು ರಾಯ್ನಾ ನನಗೆ ಹೇಳಿದ್ದು ಆಂಬುಲೆನ್ಸಿನಲ್ಲಿ, ಮಿಂಚೋನ ಬಲಗೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡು. ಅವಳ ಕೈಯೆಲ್ಲ ಇನ್ನೂ ಮೆಣಸಿನಕಾಯಿಯ ಮಸಿ.

ಜಿಲ್ಲಾ ಆಸ್ಪತ್ರೆಯಲ್ಲಿ ನಮ್ಮನ್ನು ಕಾಯುತ್ತಿದ್ದ ಡಾಕ್ಟರ್ ಬೋರ್ಯಾನಾ ಗಂಡಸಿನಷ್ಟು ಎತ್ತರದ ಹೆಂಗಸು. ನಮಸ್ಕಾರ ಹೇಳಲೂ ಪುರುಸೊತ್ತಿಲ್ಲದಂತೆ ನೇರವಾಗಿ ಕೇಳಿದರು.

“ಕೊನೇ ಸಲ ಇವರು ಚೆನ್ನಾಗಿದ್ದಿದ್ದು ಯಾವಾಗ? ಕೈ ಬಿದ್ದಿದ್ದು ಯಾವಾಗ ಅಂತಲ್ಲ. ಎಲ್ಲ ಸರಿಯಾಗಿದ್ದಿದ್ದು ಯಾವಾಗ?”

“ಹಾಲಿನ ಗಾಡಿ ಬಂದಾಗ” ಎಂದಳು ರಾಯ್ನಾ. “ಮಧ್ಯಾಹ್ನ. ಗೇಟಿಗೆ ಅಡ್ಡ ನಿಲ್ಲಿಸಿದ ಅಂತ ಆ ಡ್ರೈವರ್ ಜೊತೆ ಜಗಳ ಆಡಿದ.”

“ಜಗಳದಲ್ಲಿ ಮಾತು ಸ್ಪಷ್ಟವಾಗಿತ್ತಾ?”

“ಬೀದಿಗೆಲ್ಲ ಕೇಳಿಸ್ತು.”

“ಒಳ್ಳೇದು” ಎಂದು ಡಾಕ್ಟರ್ ಗಡಿಯಾರ ನೋಡಿಕೊಂಡರು. “ಬೇಗ ಬಂದಿದೀರಿ.”

ತಲೆಯ ಸ್ಕ್ಯಾನ್ ಆಯಿತು. ಹೊರಗೆ ಬಂದು ಅವರು ರಾಯ್ನಾಳನ್ನು ಪಕ್ಕಕ್ಕೆ ಕೂರಿಸಿಕೊಂಡು ಬಿಡಿಸಿ ಹೇಳಿದರು. ಲಕ್ವ ಎರಡು ಬಗೆಯಂತೆ. ಒಂದರಲ್ಲಿ ಮೆದುಳಿನೊಳಗೆ ರಕ್ತನಾಳ ಒಡೆಯುತ್ತದೆ. ಇನ್ನೊಂದರಲ್ಲಿ ಹೆಪ್ಪುಗಟ್ಟಿದ ರಕ್ತ ಬಂದು ನಾಳವನ್ನು ಮುಚ್ಚುತ್ತದೆ. ಇವನದು ಎರಡನೆಯದು. ಮೆದುಳಿನ ಎಡಭಾಗಕ್ಕೆ ರಕ್ತ ಹೋಗುತ್ತಿಲ್ಲ. ಅದಕ್ಕೇ ಬಲಗೈ, ಬಲಗಾಲು ಬಿದ್ದಿವೆ. ಮಾತೂ ಆ ಕಡೆಯೇ ಇರುವುದು.

“ಹೆಪ್ಪು ಕರಗಿಸೋ ಔಷಧಿ ಇದೆ. ಈಗ ಕೊಟ್ಟರೆ ಉಂಟು, ತಡವಾದರೆ ಕೊಡೋ ಹಾಗಿಲ್ಲ. ಆದ್ರೆ ಅಪಾಯ ಇಲ್ಲ ಅಂತ ನಾನು ಹೇಳಲ್ಲ. ಕೆಲವರಿಗೆ ತಲೆಯೊಳಗೆ ರಕ್ತಸ್ರಾವ ಆಗುತ್ತೆ. ಕೊಡದೇ ಇದ್ರೆ ಈಗ ಹೋಗಿರೋದು ಹೋದ ಹಾಗೇ ಉಳಿಯೋ ಸಂಭವ ಜಾಸ್ತಿ.”

ರಾಯ್ನಾ ನನ್ನ ಮುಖ ನೋಡಿದಳು. ಆ ಮನೆಯಲ್ಲಿ ಗೋಡೆಗೆ ಯಾವ ಬಣ್ಣ ಎನ್ನುವುದರಿಂದ ಹಿಡಿದು ಮಗಳನ್ನು ಏನು ಓದಿಸಬೇಕು ಎನ್ನುವವರೆಗೆ ಎಲ್ಲ ತೀರ್ಮಾನ ಮಿಂಚೋನದೇ. ಅವಳು ಎದ್ದು ಹೋಗಿ ಗಾಜಿನ ಬಾಗಿಲ ಹಿಂದೆ ಮಲಗಿದ್ದ ಗಂಡನನ್ನು ಒಂದು ಕ್ಷಣ ನೋಡಿದಳು. ಬಂದು, “ಕೊಡಿ” ಎಂದಳು.

ಡಾಕ್ಟರಿಗೆ ಇನ್ನೂ ಒಂದು ವಿಷಯ ಗೊತ್ತಾಗಿತ್ತು. ಮಿಂಚೋನ ಹೃದಯ ತಾಳ ತಪ್ಪಿ ಬಡಿಯುತ್ತಿತ್ತು, ಬಹುಶಃ ಬಹಳ ದಿನಗಳಿಂದ. ಹೆಪ್ಪು ಅಲ್ಲಿಂದಲೇ ಹೊರಟಿರಬೇಕು. “ಬಿಪಿ ಮಾತ್ರೆ ತಗೋತಿದ್ರಾ?” ಎಂದು ಕೇಳಿದರು.

“ಡಬ್ಬಿ ಖಾಲಿ ಆಗ್ತಿತ್ತು” ಎಂದಳು ರಾಯ್ನಾ.

ಮಾತ್ರೆಗಳೆಲ್ಲ ಜೆರೇನಿಯಂ ಕುಂಡದ ಮಣ್ಣಿನಲ್ಲಿದ್ದವು. ವಾರ ಕಳೆದ ಮೇಲೆ ಅವನ ಮಗಳು ಕಾಲಿನಾ ಗಿಡಕ್ಕೆ ನೀರು ಹಾಕಲು ಹೋಗಿ ಕಂಡಳು.

ಔಷಧಿ ಕೊಟ್ಟ ಮರುದಿನ ಬೆಳಿಗ್ಗೆ ಬಲಗಾಲು ಮಡಚಲು ಬಂತು. ಕೈಬೆರಳು ಅಷ್ಟಿಷ್ಟು ಅಲುಗಿದವು. ಡಾಕ್ಟರ್ ಖುಷಿಯಾದರು. ಕಾಲಿನಾ ಬಿಸಿ ಕೋಳಿ ಸೂಪು ತಂದು ಚಮಚ ಎತ್ತಿದ್ದೇ ತಡ, ನರ್ಸ್ ಓಡಿಬಂದು ತಡೆದಳು. ನುಂಗುವ ಸ್ನಾಯುವೂ ಸೋತಿರುತ್ತದೆ, ಪರೀಕ್ಷೆ ಮಾಡದೆ ಕೊಟ್ಟರೆ ಸೂಪು ಹೊಟ್ಟೆಗೆ ಹೋಗುವ ಬದಲು ಶ್ವಾಸಕೋಶಕ್ಕೆ ಹೋಗುತ್ತದೆ ಎಂದಳು. ಮಿಂಚೋ ಆ ಸೂಪಿನ ಪಾತ್ರೆಯನ್ನು ಆಸೆಯಿಂದ ನೋಡಿ, ಮೊದಲ ಬಾರಿ ಸ್ಪಷ್ಟವಾಗಿ ಮಾತಾಡಿದ.

“ನಾಳೆ” ಎಂದ.

ನಾವೆಲ್ಲ ಹಿಗ್ಗಿದೆವು. “ಹೌದಪ್ಪಾ, ನಾಳೆ ಕುಡಿಯುವಿಯಂತೆ!” ಎಂದಳು ಕಾಲಿನಾ ಕಣ್ಣೊರೆಸಿಕೊಳ್ಳುತ್ತಾ.

“ಎಲ್ಲಾದರೂ ನೋಯ್ತಿದೆಯಾ?” ಎಂದು ನರ್ಸ್ ಕೇಳಿದಳು. “ನಾಳೆ” ಎಂದ. “ನಿಮ್ಮ ಹೆಸರೇನು?” “ನಾಳೆ.” “ಇವರು ಯಾರು?” ಎಂದು ರಾಯ್ನಾಳನ್ನು ತೋರಿಸಿದಾಗ ಅವನ ಕಣ್ಣು ತುಂಬಿ ಬಂತು. ತುಟಿ ಎಷ್ಟೋ ಹೊತ್ತು ಒದ್ದಾಡಿ, ಕೊನೆಗೆ ಹೊರಬಂದದ್ದೂ ಅದೇ. “ನಾಳೆ. ನಾಳೆ, ನಾಳೆ!”

ಬೇಡಿಕೊಳ್ಳುವಾಗ, ಬೈಯುವಾಗ, ಸಮಾಧಾನ ಹೇಳುವಾಗ ಧ್ವನಿ ಬೇರೆಬೇರೆ. ಪದ ಮಾತ್ರ ಅದೊಂದೇ ಉಳಿದಿತ್ತು.

ಆಸ್ಪತ್ರೆಯಿಂದ ಬಿಸಿನೀರಿನ ಬುಗ್ಗೆಯ ಊರಿನ ಪುನಶ್ಚೇತನ ಕೇಂದ್ರಕ್ಕೆ ಕಳಿಸಿದರು. ಅಲ್ಲಿ ಅವನನ್ನು ಎಬ್ಬಿಸಿ ನಿಲ್ಲಿಸಿ, ಸರಳು ಹಿಡಿಸಿ ನಡೆಸಿದರು. ಮರದ ಸಣ್ಣ ಗೂಟಗಳನ್ನು ಬಲಗೈಯಲ್ಲೇ ಎತ್ತಿಸಿದರು. ಎಡಗೈ ಸಹಾಯಕ್ಕೆ ಬಂದರೆ ಅದನ್ನು ಮೆತ್ತಗೆ ಪಕ್ಕಕ್ಕಿಡುತ್ತಿದ್ದರು. ಮೊದಲ ಹಿಮ ಬೀಳುವಷ್ಟರಲ್ಲಿ ಮಿಂಚೋ ಕೋಲೂರಿಕೊಂಡು ತನ್ನ ಗೇಟಿನಿಂದ ಒಳಗೆ ನಡೆದು ಬಂದ. ಬೀದಿಯವರೆಲ್ಲ ಚಪ್ಪಾಳೆ ತಟ್ಟಿದರು.

ತೋತ್ಯು ಮಾತ್ರ ಬಂದಿರಲಿಲ್ಲ. ಆಸ್ಪತ್ರೆಗೆ ಒಮ್ಮೆ ಬಂದವನು ಬಾಗಿಲ ಸಂದಿಯಿಂದ ಇಣುಕಿ, ಮಿಂಚೋನ ಬಾಯಿ ಕಂಡು, ತಂದಿದ್ದ ಸೇಬಿನ ಚೀಲವನ್ನು ಕಾರಿಡಾರಿನ ಬೆಂಚಿನ ಮೇಲೆ ಬಿಟ್ಟು ಹೋಗಿದ್ದ.

ಮನೆಗೆ ಬಂದ ಮೇಲೆ ಮೊದಮೊದಲು ನೋಡಲು ಬರುವವರಿಗೆ ಕೊನೆಯಿರಲಿಲ್ಲ. ಬಂದವರು ಮಿಂಚೋನ ಪಕ್ಕದಲ್ಲೇ ಕೂತು, ಅವನ ತಲೆಯ ಮೇಲಿಂದ ರಾಯ್ನಾಳ ಜೊತೆ ಮಾತಾಡುತ್ತಿದ್ದರು. “ಪಾಪ, ಇವನಿಗೆ ಅರ್ಥ ಆಗುತ್ತಾ?” ಎಂದು ಬೇಕರಿಯ ನೆದಾ ಕೇಳಿದಾಗ ರಾಯ್ನಾ ಕಾಫಿ ಕಪ್ಪನ್ನು ಅವಳ ಕೈಯಿಂದ ತೆಗೆದುಕೊಂಡಳು. “ನಿನಗಿಂತ ಚೆನ್ನಾಗಿ ಅರ್ಥ ಆಗುತ್ತೆ. ನಿನ್ನ ಕಾಫಿ ಮುಗೀತಲ್ಲ?”

ವಾರಕ್ಕೊಮ್ಮೆ ಇಬ್ಬರೂ ಬಸ್ಸು ಹತ್ತಿ ಪಟ್ಟಣದ ಮಾತಿನ ಚಿಕಿತ್ಸಕಿ ಇವೆಲಿನಾಳ ಹತ್ತಿರ ಹೋಗುತ್ತಿದ್ದರು. ಡ್ರೈವರುಗಳೆಲ್ಲ ಹಳೇ ಪರಿಚಯ. “ನಿಧಾನ, ಮಿಂಚೋ ಅಣ್ಣ, ಬಸ್ಸೆಲ್ಲೂ ಓಡಿಹೋಗಲ್ಲ” ಎಂದು ಮೆಟ್ಟಿಲ ಬಳಿ ಕೈಕೊಟ್ಟು ಹತ್ತಿಸಿಕೊಳ್ಳುತ್ತಿದ್ದರು. ಮಿಂಚೋ ತಲೆ ತಗ್ಗಿಸಿ ಹಿಂದಿನ ಸೀಟಿಗೆ ಹೋಗಿ ಕೂರುತ್ತಿದ್ದ.

ಇವೆಲಿನಾ ಸಣ್ಣ ಪ್ರಾಯದವಳಾದರೂ ತಾಳ್ಮೆಯವಳು. “ರಾಯ್ನಾ ಅಮ್ಮ, ಒಂದು ತಿಳ್ಕೊಳಿ. ಇವರ ಬುದ್ಧಿಗೇನೂ ಆಗಿಲ್ಲ. ಮನೆ ತುಂಬ ಸಾಮಾನಿದೆ, ಬಾಗಿಲ ಬೀಗ ಮಾತ್ರ ಕೆಟ್ಟಿದೆ. ನೀವು ಚಿಕ್ಕ ಚಿಕ್ಕ ಮಾತಾಡಿ. ಹೌದು ಅಲ್ಲ ಅನ್ನೋ ಹಾಗೆ ಕೇಳಿ. ಟೀವಿ ಆರಿಸಿ. ಆಮೇಲೆ, ಎಷ್ಟೇ ಹೊತ್ತಾಗಲಿ ಕಾಯಿರಿ. ಇವರ ವಾಕ್ಯವನ್ನ ನೀವು ಮುಗಿಸ್ಬೇಡಿ.”

ರಾಯ್ನಾ ತಟ್ಟನೆ ನಕ್ಕಳು. “ಮದುವೆಯಾದಾಗಿಂದ ನನ್ನ ಒಂದೊಂದು ವಾಕ್ಯಾನೂ ಇವನೇ ಮುಗಿಸಿದಾನೆ ತಾಯಿ. ಈಗ ನನಗೆ ಅವಕಾಶ ಬಂದಾಗ ಬೇಡ ಅಂತೀಯಲ್ಲ!”

ಮಿಂಚೋ ಕೂಡ ನಕ್ಕ. ಬಾಯಿ ಆಗ ಹೆಚ್ಚುಕಡಿಮೆ ನೆಟ್ಟಗಾಗಿತ್ತು.

ಆದರೆ ಜನವರಿಯ ಹೊತ್ತಿಗೆ ಆ ನಗುವೂ ನಿಂತಿತು. ಚಿತ್ರದ ಕಾರ್ಡುಗಳನ್ನು ಮುಂದಿಟ್ಟರೆ ಮುಖ ತಿರುಗಿಸುತ್ತಿದ್ದ. ಸಣ್ಣ ಕೆಲಸಕ್ಕೂ ದಣಿದು ಮಲಗುತ್ತಿದ್ದ. ಕಾರಣವಿಲ್ಲದೆ ಅಳು ಬರುತ್ತಿತ್ತು. ಹವಾಮಾನ ವಾರ್ತೆ ಕೇಳಿಯೂ ಅತ್ತ ಒಂದು ದಿನ. ಇದೂ ಕಾಯಿಲೆಯದೇ ಭಾಗ, ಅರ್ಧಕ್ಕರ್ಧ ಜನರನ್ನು ಹೀಗೆ ಕತ್ತಲೆ ಹಿಡಿಯುತ್ತದೆ ಎಂದು ಡಾಕ್ಟರ್ ಇನ್ನೊಂದು ಮಾತ್ರೆ ಬರೆದುಕೊಟ್ಟರು. ಅದು ನಾಟಲು ಸಮಯ ಬೇಕಿತ್ತು. ರಾಯ್ನಾ ಅವನಿಗೆ ಸ್ನಾನ ಮಾಡಿಸಿ, ಗುಂಡಿ ಹಾಕಿ, ಮಾಂಸ ತುಂಡುಮಾಡಿ ಕೊಟ್ಟು, ಸೌದೆ ಒಡೆದು, ಹಿಮ ಗೋರಿ, ರಾತ್ರಿ ಅವನ ಕೆಮ್ಮಿಗೆ ಎಚ್ಚರವಾಗಿ, ಕೃಶಳಾಗುತ್ತಾ ಬಂದಳು.

ಒಂದು ಮಧ್ಯಾಹ್ನ ನಾನು ಚೀಸ್ ತುಂಬಿ ಬೇಯಿಸಿದ ಬಾನಿತ್ಸಾ ತೆಗೆದುಕೊಂಡು ಹೋದೆ. ಗೋಡೆಯಾಚೆಯಿಂದಲೇ ಸದ್ದು ಕೇಳಿಸಿತ್ತು. ಕಾರ್ಡುಗಳೆಲ್ಲ ನೆಲದ ಮೇಲೆ ಚೆಲ್ಲಾಡಿದ್ದವು. ಮಿಂಚೋ ಗೋಡೆಯ ಕಡೆ ಮುಖ ಮಾಡಿ ಕೂತಿದ್ದ. ರಾಯ್ನಾ ನಡುಮನೆಯಲ್ಲಿ ನಿಂತು ಕೂಗುತ್ತಿದ್ದಳು. ನಾನು ಬಂದದ್ದು ಇಬ್ಬರಿಗೂ ಕಾಣಲಿಲ್ಲ.

“ಎಸಿ! ಎಲ್ಲಾನೂ ಎಸಿ! ಬಗ್ಗಿ ಎತ್ತೋಕೆ ನಾನಿದೀನಲ್ಲ! ಎಷ್ಟು ವರ್ಷ, ಮಿಂಚೋ, ಎಷ್ಟು ವರ್ಷ ದೇವರಲ್ಲಿ ಕೇಳಿದ್ದೆ ಗೊತ್ತಾ? ಒಂದೇ ಒಂದು ಸಂಜೆ ಈ ಮನುಷ್ಯ ಬಾಯಿ ಮುಚ್ಚಿಕೊಂಡಿರಲಿ, ನಾನೂ ಒಂದು ಮಾತು ಆಡ್ಕೋತೀನಿ ಅಂತ. ಈಗ ಕೊಟ್ಟಿದಾನೆ! ಬೇಕಾದಷ್ಟು ಸಂಜೆ ಕೊಟ್ಟಿದಾನೆ! ನಾನು ಮಾತಾಡಿದ್ರೆ ಕೇಳೋರು ಯಾರು? ಗೋಡೆ ನೋಡ್ಕೊಂಡು ಕೂತಿರ್ತೀಯ. ನಿನ್ನ ಮಾತು ಹೋಯ್ತು, ಸರಿ. ಕಿವಿಗೇನಾಯ್ತು? ನನಗೂ ಸುಸ್ತಾಗಿದೆ ಕಣೋ! ನನಗೂ ಅಳು ಬರುತ್ತೆ!”

ಮಿಂಚೋ ನಿಧಾನವಾಗಿ ತಿರುಗಿದ. ಮದುವೆಯಾದ ಮೇಲೆ ಇಷ್ಟುದ್ದದ ಮಾತನ್ನು ಅವಳ ಬಾಯಲ್ಲಿ ಅವನು ಕೇಳಿರಲಿಲ್ಲ. ಎಡಗೈಯಲ್ಲಿ ಪಕ್ಕದ ಕುರ್ಚಿಯನ್ನು ತಟ್ಟಿದ. ಅವಳು ಕೂರಲಿಲ್ಲ. ಮತ್ತೆ ತಟ್ಟಿದ. ಕೂತಳು. ಅವನು ಕಿವಿಯನ್ನು ಮುಟ್ಟಿ ತೋರಿಸಿ, ಅವಳ ಕಡೆ ಬಗ್ಗಿದ.

“ಏನು, ಹೇಳು ಅಂತೀಯಾ?” ಎಂದಳು ಮೂಗೊರೆಸಿಕೊಳ್ಳುತ್ತಾ. “ಏನು ಹೇಳ್ಲಿ? ಕಾರ್ಖಾನೇದು ಹೇಳ್ಲಾ? ನಮ್ಮ ಮೇಸ್ತ್ರಿ ಹೆಂಗಸಿನ ತಲೆಗೂದಲು ಹೊಲಿಗೆ ಮಿಷನ್ನಿಗೆ ಸಿಕ್ಕಿ ಅದು ವಿಗ್ಗು ಅಂತ ಗೊತ್ತಾಗಿದ್ದನ್ನ ನಿನಗೆ ಹೇಳಿಯೇ ಇಲ್ಲ. ಹೇಳೋಕೆ ಬಂದಾಗೆಲ್ಲ ನೀನು ನಿನ್ನ ಬಸ್ಸು ತರ್ತಿದ್ದೆ.”

ನಾನು ಬಾನಿತ್ಸಾವನ್ನು ಅಡಿಗೆಮನೆಯಲ್ಲಿಟ್ಟು ಸದ್ದಿಲ್ಲದೆ ಬಂದೆ. ಬಾಗಿಲು ಎಳೆದುಕೊಳ್ಳುವಾಗ ಒಳಗಿಂದ ಮಿಂಚೋನ ನಗು ಕೇಳಿಸಿತು.

ಮರುದಿನ ರಾಯ್ನಾ ಶಾಲು ಹೊದ್ದು ನೇರ ತೋತ್ಯುವಿನ ಮನೆಗೆ ಹೋದಳು. ನನ್ನನ್ನೂ ಕರೆದುಕೊಂಡು ಹೋದಳು. ತೋತ್ಯು ಒಲೆಯ ಮುಂದೆ ಕೂತಿದ್ದವನು ಅವಳನ್ನು ಕಂಡು ಎದ್ದು ನಿಂತ, ಟೋಪಿಗಾಗಿ ತಡಕಾಡಿದ.

“ಇದು ಅಂಟುರೋಗ ಅಲ್ಲ ಕಣೋ, ತೋತ್ಯು” ಎಂದಳು ಅವಳು.

“ಗೊತ್ತು.”

“ಮತ್ತೆ?”

ತೋತ್ಯು ಒಲೆಗೆ ಇನ್ನೊಂದು ಸೌದೆ ತುರುಕಿದ. “ಅವನು ಮುಳುಗ್ತಿದ್ದ, ರಾಯ್ನಾ. ನಾನು ನಗ್ತಿದ್ದೆ. ಅವನ ಕಾಯಿ ಕದ್ದೆ. ದಿನಾ ಬೆಳಿಗ್ಗೆ ಎದ್ದು ನಿಮ್ಮ ಗೇಟ್ ನೋಡ್ತೀನಿ, ತೀರಿಹೋದ ಅಂತ ಕಾಗದ ಅಂಟಿಸಿದಾರಾ ಅಂತ. ಇಲ್ಲ ಅಂದ್ರೆ ಒಂದು ಲೋಟ ನೀರು ಕುಡೀತೀನಿ. ಯಾವ ಮುಖ ಇಟ್ಕೊಂಡು ಬರ್ಲಿ?”

“ಇರೋ ಮುಖಾನೇ ಇಟ್ಕೊಂಡು ಬಾ, ಅದೇನು ಮೊದಲೂ ಚೆನ್ನಾಗಿರ್ಲಿಲ್ಲ” ಎಂದಳು ರಾಯ್ನಾ. “ನಿನಗೆ ಹಾಗಾಗಿದ್ರೆ ಅವನೂ ನಗ್ತಿದ್ದ. ಬರುವಾಗ ತಾಬ್ಲಾ ತಗೊಂಡು ಬಾ.”

ತೋತ್ಯು ಬಂದ. ಕಿವುಡನ ಹತ್ತಿರ ಮಾತಾಡುವಂತೆ, “ಹೇಗಿದೀಯಾ ಮಿಂಚೋ? ನಾನು ತೋತ್ಯು!” ಎಂದು ಕಿರುಚಿದ. ಮಿಂಚೋ ಕಿವಿ ಮುಚ್ಚಿಕೊಂಡು ರಾಯ್ನಾಳ ಕಡೆ ನೋಡಿ ಹುಬ್ಬು ಹಾರಿಸಿದ. ಹಲಗೆ ತೆರೆದು ಕಾಯಿ ಜೋಡಿಸಿದರು. ಮಿಂಚೋ ದಾಳವನ್ನು ಎಡಗೈಯಲ್ಲಿ ತೆಗೆದುಕೊಂಡ. ರಾಯ್ನಾ ದಾಳಗಳನ್ನು ಅವನ ಬಲಗೈಗೆ ವರ್ಗಾಯಿಸಿ, ಬೆರಳು ಮುಚ್ಚಿಸಿದಳು. ಅವನು ಬೆವರುತ್ತಾ ಬೆರಳು ಬಿಡಿಸಿ ದಾಳ ಉರುಳಿಸಿದ. ಆರು, ಐದು.

“ಶೇಷ್ ಬೇಶ್!” ಎಂದ ಮಿಂಚೋ.

ಮಿಂಚೋ ತನ್ನ ಬಾಯಿಯನ್ನು ತಾನೇ ಮುಟ್ಟಿ ನೋಡಿಕೊಂಡ.

ತೋತ್ಯು ದಾಳ ಹಾಕಿದ. ನಾಲ್ಕು, ನಾಲ್ಕು. “ದೋರ್ತ್ ಜಿಹಾರ್” ಎಂದ ಮಿಂಚೋ, ಅವನಿಗಿಂತ ಮುಂಚೆ. ತೋತ್ಯು ಕುರ್ಚಿ ಬೀಳಿಸಿಕೊಂಡು ಎದ್ದು, ಅವನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಮುತ್ತಿಟ್ಟು, ಬೀದಿಗೆ ಓಡಿದ. “ಮಿಂಚೋ ಮಾತಾಡಿದ! ಮಿಂಚೋಗೆ ವಾಸಿಯಾಯ್ತು!”

ಅದು ತಪ್ಪಾಯಿತು. ಸ್ವಲ್ಪ ಹೊತ್ತಿಗೆ ಮನೆ ತುಂಬ ಜನ. ರಾಕಿಯಾ ಬಂತು, ಉಪ್ಪಿನಕಾಯಿ ಬಂತು. “ಒಂದು ಕಥೆ ಹೇಳು ಮಿಂಚೋ!” “ಆ ಪಾದ್ರಿದು ಹೇಳು!” ಮಿಂಚೋ ಎದ್ದು ನಿಂತ. ಅವನು ಉಸಿರೆಳೆದುಕೊಂಡು, ತುಟಿ ಜೋಡಿಸಿ, “ನಾಳೆ” ಎಂದ. ಇನ್ನೊಮ್ಮೆ ಪ್ರಯತ್ನಿಸಿದ. “ನಾಳೆ.” ಒಬ್ಬೊಬ್ಬರೇ ಲೋಟ ಕೆಳಗಿಟ್ಟು, ಕೆಲಸ ನೆನಪಾದವರಂತೆ ಎದ್ದು ಹೋದರು. ಅವನ ಕುತ್ತಿಗೆಯವರೆಗೂ ಕೆಂಪೇರಿತ್ತು.

ಈ ಸಲ ತೋತ್ಯು ಓಡಿಹೋಗಲಿಲ್ಲ. ಎಲ್ಲರೂ ಹೋದ ಮೇಲೆ ಕಾಯಿಗಳನ್ನು ಮತ್ತೆ ಜೋಡಿಸಿ, “ನಾನು ದಡ್ಡ. ಅದು ನಿನಗೆ ಮೊದಲೇ ಗೊತ್ತಿತ್ತು. ಹಾಕು” ಎಂದ.

ಇವೆಲಿನಾಗೆ ಈ ಸುದ್ದಿ ಹೇಳಿದಾಗ ಅವಳು ಆಶ್ಚರ್ಯಪಡಲಿಲ್ಲ. “ಎಣಿಕೆ, ಹಾಡು, ಪ್ರಾರ್ಥನೆ, ಬೈಗುಳ, ಇವು ನಾಲಿಗೆಗೆ ಉಜ್ಜಿ ಉಜ್ಜಿ ಅಂಟಿಕೊಂಡಿರುತ್ತವೆ. ಯೋಚನೆ ಮಾಡಿ ಆಡೋ ಮಾತು ಬೇರೆ ದಾರಿ. ಇದು ವಾಸಿಯಾದ ಗುರುತಲ್ಲ, ಹಾಗಂತ ಸಣ್ಣ ವಿಷಯಾನೂ ಅಲ್ಲ. ಧ್ವನಿಗೆ ಬಾಯಿ ಒಗ್ಗುತ್ತಿದೆ. ಇಲ್ಲಿಂದ ಹಿಡಿದು ಎಳೆಯೋಣ. ದಾಳ ನನಗೂ ಒಂದು ಜೊತೆ ತನ್ನಿ.”

ಎಳೆದರು, ಇಡೀ ವರ್ಷ. ದಾಳದ ಲೆಕ್ಕದಿಂದ ನಮ್ಮ ಸಾಮಾನ್ಯ ಲೆಕ್ಕಕ್ಕೆ, ಅಲ್ಲಿಂದ ‘ಎರಡು ಮೊಟ್ಟೆ’ಗೆ, ಅಲ್ಲಿಂದ ‘ಮೊಟ್ಟೆ ಬೇಡ’ಕ್ಕೆ. ಪದಗಳು ಬಂದವು, ಆದರೆ ತಪ್ಪು ಬಾಗಿಲಿಂದ. ಚಮಚ ಬೇಕಾದರೆ ‘ಏಣಿ’ ಎನ್ನುತ್ತಿದ್ದ. ಒಂದು ತಿಂಗಳು ರಾಯ್ನಾಳನ್ನು ‘ತೋತ್ಯು’ ಎಂದೂ ತೋತ್ಯುವನ್ನು ‘ರಾಯ್ನಾ’ ಎಂದೂ ಕರೆದ. ತಪ್ಪೆಂದು ತನಗೇ ಗೊತ್ತಾಗಿ ಮೇಜು ಗುದ್ದುತ್ತಿದ್ದ.

“ಪರವಾಗಿಲ್ಲ ಬಿಡು” ಎನ್ನುತ್ತಿದ್ದ ತೋತ್ಯು. “ರಾಯ್ನಾ ಅಂದ್ರೆ ನಾನೇ ಬರ್ತೀನಿ. ಆದ್ರೆ ನಿನ್ನ ಕಾಲು ಒತ್ತೋಕೆ ನನ್ನಿಂದಾಗಲ್ಲ.”

ಮಾತ್ರೆಗಳನ್ನು ಈಗ ಮಿಂಚೋ ರಾಯ್ನಾಳ ಎದುರಿಗೇ ನುಂಗಿ, ನಾಲಿಗೆ ಹೊರಚಾಚಿ ತೋರಿಸುತ್ತಿದ್ದ. ಸಿಗರೇಟು ಬಿಟ್ಟ. ಉಪ್ಪಿನ ಡಬ್ಬಿಯನ್ನು ರಾಯ್ನಾ ನಮ್ಮ ಮನೆಯಲ್ಲಿ ತಂದಿಟ್ಟಳು, ಆಗಾಗ ಅವನು ಗೋಡೆಯಾಚೆಯಿಂದ ನನಗೆ ಆಸೆಯ ಕಣ್ಣು ಮಾಡುತ್ತಿದ್ದ. ಬಲಗೈ ಲೋಟ ಹಿಡಿಯುವಷ್ಟಾಯಿತು, ಗುಂಡಿ ಹಾಕುವಷ್ಟಾಗಲಿಲ್ಲ. ಮೊದಲಿನ ಮಾತುಗಾರ ಮಿಂಚೋ ಮತ್ತೆ ಬರಲಿಲ್ಲ. ಬರುವುದಿಲ್ಲ ಎಂದು ಡಾಕ್ಟರ್ ಬೋರ್ಯಾನಾ ಮರೆಮಾಚದೆ ಹೇಳಿದ್ದರು. ಹೊಸ ಮಿಂಚೋ ಎರಡು ಮೂರು ಪದ ಆಡಿ ನಿಲ್ಲುತ್ತಿದ್ದ, ಬೆವರುತ್ತಿದ್ದ, ಕೇಳುತ್ತಿದ್ದ. ಸಂಜೆ ಚಪ್ಪರದ ಕೆಳಗೆ ಈಗ ರಾಯ್ನಾಳ ಧ್ವನಿ ಕೇಳಿಸುತ್ತಿತ್ತು. ಅವಳಿಗೂ ಇಷ್ಟೊಂದು ಕಥೆ ಗೊತ್ತಿತ್ತೆಂದು ನಮ್ಮ ಬೀದಿಗೆ ಗೊತ್ತಿರಲಿಲ್ಲ.

ಮುಂದಿನ ವರ್ಷ ಅಕ್ಟೋಬರಿನಲ್ಲಿ ರಾಯ್ನಾಳ ತಂಗಿಗೆ ಕಣ್ಣಿನ ಆಪರೇಷನ್ ಆಯಿತು. ತಂಗಿ ಇರುವುದು ಪ್ಲೆವೆನ್‌ನಲ್ಲಿ. ಹೋದರೆ ರಾತ್ರಿ ಅಲ್ಲೇ ಉಳಿಯಬೇಕು. ಮಿಂಚೋ ಮನೆಗೆ ಬಂದಾಗಿನಿಂದ ಅವಳು ಒಂದು ರಾತ್ರಿಯೂ ಅವನನ್ನು ಬಿಟ್ಟಿರಲಿಲ್ಲ.

“ಹೋಗಲ್ಲ” ಎಂದಳು.

“ಹೋಗು” ಎಂದ ಮಿಂಚೋ.

“ನೀನು ಬಿದ್ರೆ?”

“ಜಿವ್ಕಾ... ಇದಾಳೆ.”

“ಒಲೆ?”

“ಮುಟ್ಟಲ್ಲ. ಹೋಗು. ತಂಗಿ.”

ಅವಳು ಹೋದಳು. ಹೋಗುವ ಮುಂಚೆ ಊಟ, ಮಾತ್ರೆ, ಒಲೆ ಎಂದು ನನಗೆ ಮೂರು ಸಲ ಅದನ್ನೇ ಹೇಳಿದಳು. ಸಂಜೆ ನಾನು ಅವರ ಮನೆಗೆ ಹೋಗಿ ಬೀನ್ಸ್ ಸೂಪು ಬಿಸಿಮಾಡಿ, ಬ್ರೆಡ್ಡು ಕತ್ತರಿಸಿ ಕೊಟ್ಟೆ. ಮಿಂಚೋ ನಿಧಾನವಾಗಿ ಪೂರ್ತಿ ಊಟ ಮಾಡಿದ. ನಾನು ತಟ್ಟೆ ತೊಳೆಯುತ್ತಿದ್ದಾಗ ನಡುಮನೆಯಲ್ಲಿ ಫೋನ್ ಬಡಿದುಕೊಂಡಿತು.

ಫೋನಿನ ವಿಷಯ ನಮಗೆಲ್ಲ ಗೊತ್ತಿತ್ತು. ಎದುರಿಗಿರುವವರ ಮುಖ ಕಾಣುವುದಿಲ್ಲ, ಕೈಸನ್ನೆ ನಡೆಯುವುದಿಲ್ಲ, ಸುಮ್ಮನಿದ್ದರೆ ಆ ಕಡೆಯವರು ಗಾಬರಿಯಾಗುತ್ತಾರೆ. ಮಗಳ ಫೋನನ್ನೂ ಅವನು ಮುಟ್ಟುತ್ತಿರಲಿಲ್ಲ. ನಾನು ಕೈ ಒರೆಸಿಕೊಂಡು ಓಡಿದೆ. ಮಿಂಚೋ ಅಂಗೈ ಅಡ್ಡ ತೋರಿಸಿ ನನ್ನನ್ನು ನಿಲ್ಲಿಸಿದ. ಎದ್ದ. ಕೋಲಿಲ್ಲದೆ ಮೇಜು ಹಿಡಿದುಕೊಂಡು ಹೋಗಿ ಫೋನ್ ಎತ್ತಿದ.

“ಜಿವ್ಕಾ?” ಎಂದು ರಾಯ್ನಾಳ ಧ್ವನಿ ನನಗೂ ಕೇಳಿಸಿತು. “ಜಿವ್ಕಾ, ಹೇಗಿದಾನೆ ಅವನು? ಮಾತ್ರೆ ತಗೊಂಡನಾ?”

ಮಿಂಚೋ ಕಣ್ಣು ಮುಚ್ಚಿದ. ಹಣೆಯಲ್ಲಿ ಬೆವರೊಡೆಯಿತು. ಆ ಕಡೆ ರಾಯ್ನಾಗೆ ಅರ್ಥವಾಗಿರಬೇಕು. ಅವಳು ಏನೂ ಅನ್ನದೆ ಸುಮ್ಮನೆ ಕಾದಳು.

“ಊಟ... ಆಯ್ತು” ಎಂದ ಅವನು. ಮತ್ತೆ ಉಸಿರು ತೆಗೆದುಕೊಂಡ. “ನಿಂದು?”

ಆ ಕಡೆ ಅವಳು ಮೂಗೊರೆಸಿಕೊಂಡ ಸದ್ದು ಬಂತು. ಆಮೇಲೆ, “ಇಲ್ಲ, ಇನ್ನೂ ಇಲ್ಲ” ಎಂದು ಅವಳು ಹೇಳಿದ್ದು ಕೇಳಿಸಿತು. “ಏನು ಮಾಡಿದೀನಿ ಗೊತ್ತಾ ಇಲ್ಲಿ? ಹೇಳ್ತೀನಿ ಕೇಳು.”

ಮಿಂಚೋ ಕಾಲಿನಿಂದ ಕುರ್ಚಿ ಎಳೆದುಕೊಂಡು ಕೂತ, ಫೋನನ್ನು ಕಿವಿಗೊತ್ತಿಕೊಂಡ. ನಾನು ದೀಪ ಹಾಕಿ, ಬಾಗಿಲು ಮುಂದೆ ಮಾಡಿಕೊಂಡು ನಮ್ಮ ಮನೆಗೆ ಬಂದೆ.